ರೊಟ್ಟಿ ಬಂದಾಗ ಕೂಗಿದ ಭೋಂಗಾ

ಮಿಲ್ಲಿಗೆ ಹೊಸ ಮಷೀನು ಬಂದಾಗಲೆಲ್ಲ ನಗುವಂಥದ್ದು ಏನಾದರೂ ಒಂದು ನಡೆದೇ ನಡೆಯುತ್ತದೆ. ಮಷೀನು ತಂದು ಕೊಟ್ಟು ಹೋಗುವವರಿಗೆ ಇದು ಗೊತ್ತಾಗುವುದಿಲ್ಲ. ದಿನಾ ಅದರ ಮಗ್ಗುಲಲ್ಲಿ ನಿಲ್ಲುವವರಿಗೆ ಗೊತ್ತು.

ನಾನು ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಬಾಯ್ಲರ್ ನೋಡುವವನು. ಶಾಲೆ ನಾಲ್ಕನೇ ಇಯತ್ತೆ ತನಕ. ಈ ಪ್ರಸಂಗಗಳನ್ನೆಲ್ಲ ಹೇಳುತ್ತಿದ್ದವಳು ನಮ್ಮಾಕಿ, ನನ್ನ ಹೆಂಡತಿ. ಆಕಿ ಕಟ್ಟೆಗೆ ಕುಂತು ಹೇಳಿದಳೆಂದರೆ ಓಣಿಗೆ ಓಣಿ ನಗುತ್ತಿತ್ತು. ನಾನು ಮಗ್ಗುಲಲ್ಲಿ ಕುಂತು ಹೂಂ ಅನ್ನುತ್ತಿದ್ದೆ. ನನ್ನ ಕೆಲಸ ಅಷ್ಟೇ.

ಆಕಿ ಹೋಗಿ ಏಳು ತಿಂಗಳಾಯಿತು. ಓಣಿಯವರು ಈಗ ನನ್ನನ್ನು ಕೇಳುತ್ತಾರೆ. ‘ಆ ಹಲ್ಲಿನ ಸುದ್ದಿ ಹೇಳೋ ಮಾರಾಯ’ ಅಂತಾರೆ. ಹೇಳುತ್ತೇನೆ. ಆಕಿ ಹೇಳಿದರೆ ನಗುತ್ತಿದ್ದವರು ನಾನು ಹೇಳಿದರೆ ಕೆಮ್ಮುತ್ತಾರೆ.

ಅದಕ್ಕೆ ಬರೆದಿಡುತ್ತೇನೆ. ಕಾಗದ ಕೆಮ್ಮುವುದಿಲ್ಲ.

೧. ಟವೆಲ್ಲು

ಮೊದಲು ಬಾಯ್ಲರಿನ ನೆತ್ತಿಯ ಮೇಲೆ ಒಂದು ಭೋಂಗಾ ಇತ್ತು, ಊರಿಗೆಲ್ಲ ಕೇಳುವ ಉಗಿಯ ಸೀಟಿ. ಕೆಳಗೆ ನಾನು ಹೊಟ್ಟು ಉರಿಸಬೇಕು. ಉಗಿ ಏರಬೇಕು. ಆ ಉಗಿಯಲ್ಲಿ ಭತ್ತ ಬೇಯಬೇಕು. ಅದೇ ಉಗಿ ಭೋಂಗಾಕ್ಕೂ ಹೋಗುತ್ತಿತ್ತು. ಅದರ ಸರಪಳಿ ನನ್ನ ಕಿವಿಯ ಹತ್ತಿರ ಇಳಿಬಿದ್ದಿತ್ತು. ಎಳೆದರೆ ಜವಳಗೇರಾ ರಸ್ತೆಯ ಗದ್ದೆಗಳ ತನಕ ಕೇಳುತ್ತಿತ್ತು.

ಮುಂಜಾನೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ ಎಳೆಯಬೇಕು ಅಂತ ಸಾಹುಕಾರರ ಅಪ್ಪಣೆ. ಎಂಟಕ್ಕೆ ಸಾಹುಕಾರರೇ ಗೇಟಿನಲ್ಲಿ ನಿಲ್ಲುತ್ತಿದ್ದರು. ಸಂಜೆಗೆ ಗೋಡೆಯ ನೆರಳು ಹೇಳುತ್ತಿತ್ತು. ತೊಡಕು ಮಧ್ಯಾಹ್ನದ್ದು. ನನ್ನ ಹತ್ತಿರ ವಾಚಿರಲಿಲ್ಲ. ಬಾಯ್ಲರ್ ಕೋಣೆಗೆ ಒಂದು ಗಡಿಯಾರ ಹಾಕಿಸಿದ್ದರು. ಉಗಿ ಹೊಡೆದು ಎರಡೇ ತಿಂಗಳಿಗೆ ಅದರ ಮುಳ್ಳು ತುಕ್ಕು ಹಿಡಿದು ನಿಂತವು.

ಆಮೇಲೆ ಸಾಹುಕಾರರು ಒಂದು ಉಪಾಯ ಮಾಡಿದರು. ಒಂದು ಗಂಟೆಗೆ ಮುನೀಮರು ಆಫೀಸಿನ ಕಿಟಕಿಯಿಂದ ಟವೆಲ್ಲು ಬೀಸಬೇಕು. ಅದನ್ನು ನೋಡಿ ನಾನು ಸರಪಳಿ ಎಳೆಯಬೇಕು.

ನಾಲ್ಕು ದಿನ ಸರಿ ನಡೆಯಿತು. ಐದನೇ ದಿನ ಮುನೀಮರ ಟವೆಲ್ಲು ಆಡಿತು. ಎಳೆದೆ. ಕಣದಲ್ಲಿ ಭತ್ತ ಒಣಗಿಸುತ್ತಿದ್ದ ಹೆಣ್ಣುಮಕ್ಕಳು ಎದ್ದು, ಕೈ ತೊಳೆದು, ಗಂಟು ಬಿಚ್ಚಿದರು. ಮುನೀಮರು ಧೋತರ ಎತ್ತಿಕೊಂಡು ಓಡಿ ಬಂದರು.

‘ಏನ್ ಮಾಡಿದಿಲೇ? ಈಗಿನ್ನೂ ಹನ್ನೊಂದು!’

‘ನೀವು ಟವೆಲ್ ಆಡಿಸಿದ್ರಲ್ರಿ?’

‘ನಾ ಬೆವರು ಒರಸ್ಕೊಂಡ್ರ ನೀ ಊರಿಗೆಲ್ಲಾ ಊಟಕ್ಕ ಬಿಡ್ತಿಯೇನಲೇ?’

ಅವತ್ತಿನಿಂದ ನಾನು ಟವೆಲ್ಲು ನಂಬಲಿಲ್ಲ. ನಂಬಲಿಕ್ಕೆ ಇನ್ನೊಂದು ಸಿಕ್ಕಿತು. ನಮ್ಮ ಮನೆ ಕಾಲುವೆಯ ಆಚೆ. ನಮ್ಮಾಕಿ ದಿನಾ ಹನ್ನೆರಡು ರೊಟ್ಟಿ ಬಡಿದು, ಪಲ್ಯ ಮಾಡಿ, ಗಂಟು ಕಟ್ಟಿಕೊಂಡು ನಡೆದು ಬರುತ್ತಿದ್ದಳು. ಗೇಟಿನ ಹತ್ತಿರ ಆಕಿಯ ತಲೆ ಕಂಡಿತೆಂದರೆ ಹೆಚ್ಚುಕಡಿಮೆ ಒಂದು ಗಂಟೆ. ನಾನು ಸರಪಳಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ತಲೆ ಕಂಡರೆ ಎಳೆಯುತ್ತಿದ್ದೆ.

ಆಕಿಗೆ ಹೇಳಲಿಲ್ಲ. ಹೇಳುವಂಥದ್ದೇನು ಅಂತ ಬಿಟ್ಟೆ.

ಬ್ಯಾಸಗಿಯಲ್ಲಿ ಮಾತ್ರ ಗಂಟು ಹಗುರ ಇರುತ್ತಿತ್ತು. ಎಂಟೇ ರೊಟ್ಟಿ. ‘ಈ ಸೆಕಿಗೆ ಹಸಿವಿ ಎಲ್ಲಿರ್ತೈತ್ರಿ’ ಅನ್ನುತ್ತಿದ್ದಳು. ನನಗೆ ಹಸಿವು ಇರುತ್ತಿತ್ತು. ಹೂಂ ಅಂದು ಸುಮ್ಮನಾಗುತ್ತಿದ್ದೆ.

ಓಣಿಯಲ್ಲಿ ಆಕಿಯ ಜಂಬ ನೋಡಬೇಕಿತ್ತು. ‘ರೊಟ್ಟಿ ತರಾಕ ಹತ್ತಿದಾಗಿಂದ ಒಂದಿನ ತಡಾ ಮಾಡಿಲ್ಲ ನೋಡವಾ. ನಾ ಗೇಟಿನ್ಯಾಗ ಕಾಲಿಡೋದಕ್ಕೂ ಭೋಂಗಾ ಒದರೋದಕ್ಕೂ ಸರಿ! ಕೇಳು ಬೇಕಾದ್ರ ಇವರನ್ನ.’

ನನ್ನನ್ನು ಕೇಳುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ.

೨. ಮಸ್ಕಿಯಿಂದ ಐದು ಮಂದಿ

ನಮ್ಮಾಕಿಯ ತವರು ಮಸ್ಕಿ. ಒಂದು ದಿನ ಹೇಳದೆ ಕೇಳದೆ ಆಕಿಯ ಅಣ್ಣ, ತಮ್ಮ, ಅವರ ಹೆಂಡರು, ಒಬ್ಬ ಸೋದರಮಾವ, ಐದು ಮಂದಿ ಬಸ್ಸಿಳಿದು ಮನೆಗೆ ಬಂದರು. ನಾನು ಮಿಲ್ಲಿನಲ್ಲಿದ್ದೆ. ನನಗೆ ಗೊತ್ತಿಲ್ಲ.

ಮಧ್ಯಾಹ್ನ ಸರಪಳಿ ಹಿಡಿದು ನಿಂತೆ. ಗೇಟಿನಲ್ಲಿ ತಲೆ ಇಲ್ಲ. ಮುನೀಮರು ಟವೆಲ್ಲು ಬೀಸಿದರು. ಬೆವರಿರಬೇಕು ಅಂತ ಬಿಟ್ಟೆ. ಮತ್ತೆ ಬೀಸಿದರು. ಇವತ್ತು ಬೆವರು ಜಾಸ್ತಿ ಅಂದುಕೊಂಡೆ. ಕಿಟಕಿಯ ಹೊರಗೆ ಅರ್ಧ ಮೈ ಚಾಚಿ ಎರಡೂ ಕೈಯಲ್ಲಿ ಬೀಸಿದರು. ಆಗ ತಿಳಿಯಿತು. ಆದರೂ ನನ್ನ ಕೈ ಏಳಲಿಲ್ಲ. ಈಗ ಎಳೆದು, ಆಮೇಲೆ ಆಕಿ ಬಂದರೆ? ಒಂದಿನ ತಡ ಮಾಡಿಲ್ಲ ಅನ್ನುವಾಕಿ. ಆಕಿಯ ಮಾರಿ ಬಾಡಿ ಸಣ್ಣದಾಗುತ್ತದೆ.

ಕಣದ ಹೆಣ್ಣುಮಕ್ಕಳು ಒಮ್ಮೆ ಗೇಟಿನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಒಬ್ಬರ ಮಾರಿ ಒಬ್ಬರು ನೋಡಿ ನಕ್ಕರು. ಯಾಕೆ ನಕ್ಕರು ಅಂತ ಅವತ್ತು ನನಗೆ ತಿಳಿಯಲಿಲ್ಲ.

ಎರಡು ಗಂಟೆಗೆ ಗೇಟಿನಲ್ಲಿ ತಲೆ ಕಂಡಿತು. ಎಳೆದೆ. ಆಕಿ ಬಂದವಳೇ, ‘ಮೂವತ್ತೆರಡು ರೊಟ್ಟಿ ಬಡದೀನ್ರಿ. ಆದ್ರೂ ನೋಡ್ರಿ, ಭೋಂಗಾಕ್ಕ ಸರಿಯಾಗಿ ಬಂದೀನಿ’ ಅಂದಳು.

ಗಂಟು ಬಿಚ್ಚುವುದರೊಳಗೆ ಮಗ್ಗುಲಿನ ಶಾಲೆಯ ಮಾಸ್ತರರು ಬಂದರು. ಅವರೂ ಭೋಂಗಾ ಕೇಳಿಯೇ ಶಾಲೆ ಬಿಡುವವರು. ಗಂಟಲು ಕಟ್ಟಿತ್ತು.

‘ಏನಪಾ, ಬಾಯ್ಲರಿಗೆ ಏನಾಗೈತಿ?’

‘ಉಗಿ ಏರಲಿಲ್ರಿ, ಗುರುಗಳೇ.’

‘ಮಾರಾಯಾ, ಹುಡುಗ್ರು ಮೂವತ್ತೊಂಬತ್ತರ ಮಗ್ಗಿ ತನಕ ಹೇಳಿ ಕುಂತಾರ. ನನಗ ಅದರ ಮುಂದ ಬರೂದಿಲ್ಲ!’

೩. ಹಲ್ಲು

ಓಣಿಯವರು ಕೇಳುವ ಹಲ್ಲಿನ ಸುದ್ದಿ ಇದು.

ಬೆಂದ ಭತ್ತ ಕಣದಲ್ಲಿ ಒಣಗಬೇಕು. ಹದಕ್ಕೆ ಒಣಗಿದ್ದರೆ ಅಕ್ಕಿ ಇಡಿಯಾಗಿ ಬರುತ್ತದೆ. ಹಸಿ ಇದ್ದರೆ ಮಷೀನಿನಲ್ಲಿ ಮುರಿದು ನುಚ್ಚಾಗುತ್ತದೆ. ಹದ ನೋಡುವುದು ಹಲ್ಲಿನಿಂದ. ಕಾಳು ಕಡಿದರೆ ಟಕ್ ಅನ್ನಬೇಕು. ನಮ್ಮಾಕಿ ಮದುವೆಯಾದ ಹೊಸದರಲ್ಲಿ ಅದೇ ಕಣದಲ್ಲಿ ಕೆಲಸ ಮಾಡಿದವಳು. ಆಕಿಯ ಹಲ್ಲು ಸುಳ್ಳು ಹೇಳುವುದಿಲ್ಲ ಅಂತ ಹೆಸರಾಗಿತ್ತು. ಊಟ ತಂದಾಗ ಸಾಹುಕಾರರು, ‘ಯವ್ವಾ, ಒಂದು ಕಾಳು ಕಡದು ಹೋಗು’ ಅನ್ನುತ್ತಿದ್ದರು.

ಒಂದು ವರ್ಷ ತೇವ ನೋಡುವ ಮೀಟರು ಬಂತು. ತಂದವನ ಕೊರಳಲ್ಲಿ ಟೈ, ಕಂಕುಳಲ್ಲಿ ಡಬ್ಬಿ. ಡಬ್ಬಿಗೆ ಒಂದು ಹಿಡಿ ಭತ್ತ ಹಾಕಿದ. ಮುಳ್ಳು ಆಡಿ ಆಡಿ ನಿಂತಿತು.

‘ಹದಿನಾಲ್ಕು. ಹದ ಬಂದಿದೆ ಸಾರ್’ ಅಂದ.

ನಮ್ಮಾಕಿ ಒಂದು ಕಾಳು ಬಾಯಿಗೆ ಹಾಕಿದಳು. ‘ಹಸಿ ಐತ್ರಿ.’

‘ಅಮ್ಮಾ, ಇದು ಮಷೀನು.’

‘ಹೌದ್ರೀ ಯಪ್ಪಾ. ಅದಕ್ಕ ಹಲ್ಲಿಲ್ಲ ನೋಡ್ರಿ ಪಾಪ.’

ಸಾಹುಕಾರರು ಮೀಟರಿನ ಮಾತು ಕೇಳಿದರು. ಮಷೀನಿಗೆ ಹಾಕಿಸಿದರೆ ಎಲ್ಲಾ ನುಚ್ಚು. ಟೈ ಕಟ್ಟಿದವನನ್ನು ಮತ್ತೆ ಕರೆಸಿದರು. ಈ ಸಲ ಅವನು ನಮ್ಮಾಕಿಯ ಎದುರಿಗೆ ನೆಲಕ್ಕೆ ಕುಂತ. ಆಕಿ ಕಡಿಯುವುದು, ಅವನು ಮೀಟರಿನ ಬೆನ್ನಿನ ತಿರುಪು ತಿರುಗಿಸುವುದು. ‘ಇದು ಹಸಿ.’ ತಿರುಗಿಸಿದ. ‘ಇದಿನ್ನೂ ಒಂದ್ ತಾಸು ಬೇಕು.’ ತಿರುಗಿಸಿದ. ‘ಇದು ಹದ.’ ಹೊತ್ತು ಮುಳುಗುವುದರೊಳಗೆ ಮೀಟರಿಗೆ ನಮ್ಮಾಕಿಯ ಹಲ್ಲು ಬಂದಿತ್ತು. ಅವನು ಏಳುವಾಗ ಟೈ ಬಿಚ್ಚಿ ಕಿಸೆಗೆ ಹಾಕಿಕೊಂಡಿದ್ದ.

ಆದರೂ ಸಾಹುಕಾರರಿಗೆ ಧೈರ್ಯ ಸಾಲದು. ಮುನೀಮರಿಗೆ ಹೇಳಿ ಲೆಕ್ಕದ ವಹಿಯಲ್ಲಿ ಗೆರೆ ಹೊಡೆಸಿ ಎರಡು ಕಾಲಂ ಮಾಡಿಸಿದರು. ಒಂದರ ಮೇಲೆ ‘ಮೀಟರ್’ ಅಂತ, ಇನ್ನೊಂದರ ಮೇಲೆ ‘ಹಲ್ಲು’ ಅಂತ.

ಮುಂದೆ ಒಮ್ಮೆ ಆಕಿಗೆ ಹಲ್ಲುನೋವು ಬಂದು ಕೀಳಿಸಬೇಕಾಯಿತು. ಗಲ್ಲ ಊದಿಸಿಕೊಂಡು ಊಟ ತಂದಳು. ಸಾಹುಕಾರರು ಎದ್ದು ನಿಂತರು.

‘ಯಾವ ಕಡೀದು ಕೀಳಿಸಿದೆವ್ವಾ?’

ಎಡಗಡೆ ಬೆರಳು ತೋರಿಸಿದಳು.

‘ಕಾಳು ಕಡಿಯೋದು?’

ಬಲಗಡೆ ತೋರಿಸಿದಳು.

ಸಾಹುಕಾರರು ಗೋಡೆಯ ಮೇಲಿನ ದೇವರ ಪಟಕ್ಕೆ ಕೈ ಮುಗಿದರು. ನೋವು ಹೆಂಗೈತಿ ಅಂತ ಕೇಳುವುದು ಮರೆತರು.

ಆ ಮೀಟರು ಈಗಲೂ ಮಿಲ್ಲಿನಲ್ಲಿದೆ. ಮೊನ್ನೆ ಮುಳ್ಳು ಹದಿನಾಲ್ಕಕ್ಕೆ ಬಂದಾಗ ಒಳಗೆ ಟಕ್ ಅಂದಂಗಾಯಿತು. ಆಕಿ ಕಡಿದಂಗೆ. ನಾನು ಮುನೀಮರಿಗೆ ಹೇಳಿದೆ. ಅವರು ನನ್ನ ಮಾರಿ ನೋಡಿದರು.

ಮರುದಿನ ಮೀಟರನ್ನು ರಿಪೇರಿಗೆ ಕಳಿಸಿದ್ದರು.

೪. ಫ್ಯಾನು

ಆಮೇಲೆ ಉಗಿಯ ಭೋಂಗಾ ಹೋಗಿ ಕರೆಂಟಿನದು ಬಂತು. ಸರಪಳಿ ಕಿತ್ತರು. ಬಾಯ್ಲರ್ ಕೋಣೆಯ ಗೋಡೆಗೆ ಒಂದು ಟೈಮರ್ ಕೂಡಿಸಿದರು. ದುಂಡನೆ ಬಿಲ್ಲೆ. ದಿನಕ್ಕೆ ಒಂದು ಸುತ್ತು ತಿರುಗುತ್ತದೆ. ಅದರ ಅಂಚಿಗೆ ಮೂರು ಸಣ್ಣ ಮೊಳೆ. ಎಂಟರ ಮೊಳೆ, ಒಂದರ ಮೊಳೆ, ಐದರ ಮೊಳೆ. ಮೊಳೆ ಬಂದು ತಾಗಿದರೆ ಭೋಂಗಾ ತಾನೇ ಕೂಗುತ್ತದೆ.

ಕೂಡಿಸಿದವನು ಲಿಂಗಸುಗೂರಿನ ಮಿಸ್ತ್ರಿ. ಒಳ್ಳೆ ಹುಡುಗಾಟದ ಮನುಷ್ಯ. ನನಗೆ ಚಾಚಾ ಅನ್ನುತ್ತಿದ್ದ. ‘ಚಾಚಾ, ಇನ್ನ ಮ್ಯಾಲ ನಿಮಗ ಆರಾಮ್. ಇದು ಯಾರಿಗೂ ಕಾಯೂದಿಲ್ಲ’ ಅಂದ.

ಕಾಯಲಿಲ್ಲ. ಮೊದಲ ದಿನ ಸರಿಯಾಗಿ ಒಂದಕ್ಕೆ ಕೂಗಿತು. ನಾನು ಗೇಟು ನೋಡಿದೆ. ಆಕಿ ಇನ್ನೂ ಕಾಲುವೆಯ ಸೇತುವೆ ಮೇಲಿದ್ದಳು. ಭೋಂಗಾ ಕೇಳಿ ಓಡಲಿಕ್ಕೆ ಹತ್ತಿದಳು. ಆಗಲೇ ಆಕಿಗೆ ಉಸಿರು ಹತ್ತುತ್ತಿತ್ತು. ಬಂದು ಗಂಟು ನನ್ನ ಮುಂದೆ ಇಟ್ಟು ಗೋಡೆಗೆ ಒರಗಿದಳು.

‘ತಡಾ ಮಾಡಿದ್ನಿ’ ಅಂದಳು.

ನಾನು ನೀರಿನ ತಂಬಿಗೆ ಮುಂದೆ ಹಿಡಿದೆ.

‘ನನಗ ವಯಸ್ಸಾತೇನ್ರಿ?’

ಅವತ್ತು ಆಕಿ ಮನೆಗೆ ಹೋದ ಮೇಲೆ ಸ್ಟೂಲು ಹತ್ತಿದೆ. ಒಂದರ ಮೊಳೆಯನ್ನು ಒಂದು ಕೂದಲೆಳೆಯಷ್ಟು ಸರಿಸಿದೆ.

ಮರುದಿನ ಆಕಿ ಗೇಟಿಗೆ ಕಾಲಿಟ್ಟಳು. ಭೋಂಗಾ ಕೂಗಿತು. ಆಕಿ ಮಾರಿ ಅರಳಿತು. ‘ನಿನ್ನಿ ಅದು ಅವಸರ ಮಾಡಿತ್ತು ನೋಡ್ರಿ’ ಅಂದಳು.

ಆಕಿಯ ನಡಿಗೆ ಸಾವಕಾಶ ಆದಂಗೆಲ್ಲ ನಾನು ಮೊಳೆ ಸರಿಸಿದೆ. ಐದು ನಿಮಿಷ. ಹತ್ತು. ಕಡೆಯ ಹಂಗಾಮಿಗೆ ಇಪ್ಪತ್ತು, ಒಂದೂ ಇಪ್ಪತ್ತಕ್ಕೆ ಊಟ. ನಿಮಿಷದ ಲೆಕ್ಕ ಹಿಡಿಯುವುದನ್ನು ನಾನು ಆ ನೆವದಲ್ಲಿ ಕಲಿತೆ.

ಸಾಹುಕಾರರಿಗೆ ವಾಚಿತ್ತು. ಮಿಸ್ತ್ರಿಗೆ ಹೇಳಿ ಕಳಿಸಿದರು. ಅವನು ಬಸ್ಸಿಗೆ ಬಂದ, ನೋಡಿದ, ತಲೆ ಕೆರೆದುಕೊಂಡ.

‘ಅಜಬ್ ಐತ್ರಿ ಸಾಹುಕಾರ್ರ. ಎಂಟಕ್ಕ ಸರಿ. ಐದಕ್ಕ ಸರಿ. ಮಧ್ಯಾಹ್ನ ಒಂದ್ರದು ಮಾತ್ರ ಜಾರೇತಿ!’

ಮೊಳೆ ಹಿಂದಕ್ಕೆ ಹಾಕಿ ಹೋದ. ನಾನು ಮುಂದಕ್ಕೆ ಹಾಕಿದೆ. ಎರಡನೇ ಸಲ ಬಂದ. ಮೂರನೇ ಸಲವೂ ಬಂದ. ಮೂರನೇ ಸಲ ಬಾಯ್ಲರ್ ಮುಟ್ಟಿ ನೋಡಿ, ಬಿಸಿಲು ನೋಡಿ, ತೀರ್ಮಾನ ಹೇಳಿದ.

‘ಗರ್ಮೀರಿ. ಮಧ್ಯಾಹ್ನದ ಗರ್ಮಿಗೆ ಮೊಳಿ ಕಾಯ್ದು ಜಾರ್ತದ. ಇದಕ್ಕ ಗಾಳಿ ಬೇಕು.’

ನಾನು ಆ ಕೋಣೆಯಲ್ಲಿ ಅಷ್ಟು ವರ್ಷ ಬೆಂದೆ. ಒಂದು ಬೀಸಣಿಗೆ ಕೊಡಿ ಅಂತ ಕೇಳಿರಲಿಲ್ಲ. ಟೈಮರಿಗೆ ಎಂಟು ದಿನದಲ್ಲಿ ಹೊಸ ಫ್ಯಾನು ಬಂತು.

ಅದರ ಕೆಳಗೆ ಕುಂತು ನಾವಿಬ್ಬರೂ ಉಂಡೆವು. ನಮ್ಮಾಕಿ ತಲೆಯ ಮೇಲಿನ ಸೆರಗು ಸರಿಸಿ ಗಾಳಿಗೆ ಮಾರಿ ಒಡ್ಡಿ, ‘ಪುಣ್ಯಾ ಮಾಡಿತ್ರಿ ಈ ಮಷೀನು’ ಅಂದಳು.

ಫ್ಯಾನು ಬಂದರೂ ಮೊಳೆ ಜಾರುವುದು ನಿಲ್ಲಲಿಲ್ಲ. ಸಾಹುಕಾರರು ಬೇಸತ್ತು ಬಿಟ್ಟರು. ‘ಹೋಗ್ಲಿ, ಅದರ ಸ್ವಭಾವನ ಹಂಗೈತಿ’ ಅಂದರು.

೫. ಕಡೆಯ ರಿಪೇರಿ

ಹಂಗಾಮು ಮುಗಿದು ಮಿಲ್ಲು ಬಂದ್ ಆಗಿತ್ತು. ಆಗ ಆಕಿ ಹಾಸಿಗೆ ಹಿಡಿದಳು. ಲಿಂಗಸುಗೂರಿನ ಡಾಕ್ಟರಿಗೆ ತೋರಿಸಿದೆ. ಎದೆಯ ಜಡ್ಡು, ನಡೆದಾಡಿಸಬೇಡಿ ಅಂದರು.

ಮನೆಯಲ್ಲಿ ನಾನೇ ರೊಟ್ಟಿ ಬಡಿದೆ. ಒಂದೊಂದು ಒಂದೊಂದು ಕಡೆ ಚಾಚಿಕೊಂಡಿತ್ತು. ಆಕಿ ಮಲಗಿದಲ್ಲೇ ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ತೂತಿನಿಂದ ನನ್ನನ್ನು ನೋಡಿದಳು. ನಕ್ಕಳು. ನಕ್ಕಿದ್ದಕ್ಕೆ ಉಸಿರು ಹತ್ತಿತು. ಬೆನ್ನು ಸವರಿದೆ.

ಉಸಿರು ಇಳಿದ ಮೇಲೆ, ‘ಒಂದು ಕೇಳ್ಲೇನು?’ ಅಂದಳು.

‘ಕೇಳು.’

‘ಭೋಂಗಾ ನನಗ ಕಾಯ್ತಿತ್ತಲ್ಲ?’

ನಾನು ಒಲೆಯ ಕಡೆ ನೋಡಿದೆ.

‘ಎಂದ ಗೊತ್ತಾತು?’

‘ಎರಡನೇ ದಿನಾನ. ಗೇಟಿನ ಮರಿಗೆ ನಿಂತು ನೋಡಿದ್ನಿ. ನೀವು ಸರಪಳಿ ಹಿಡ್ಕೊಂಡು ಕುತ್ತಿಗಿ ಚಾಚಿ ನಿಂತಿದ್ರಿ, ಕಾಲುವಿ ಕೊಕ್ಕರಿ ಹಂಗ.’

‘ಮತ್ತ ಹೇಳಬಾರದೇನಲೇ?’

‘ಹೇಳಿದ್ರ ನೀವು ನಾಚಿ ಬಿಟ್ಟುಬಿಡ್ತಿದ್ರಿ.’

ತಲೆದಿಂಬು ಸರಿಸಿಕೊಂಡಳು. ಆಮೇಲೆ, ‘ಬ್ಯಾಸಗ್ಯಾಗ ಎಂಟ ರೊಟ್ಟಿ ಯಾಕ ತರ್ತಿದ್ನಿ, ಗೊತ್ತೈತೇನು?’

‘ಸೆಕಿಗೆ ಹಸಿವಿ ಇರೂದಿಲ್ಲಂತ ಅಂತಿದ್ದಿ.’

‘ಹಸಿವಿ ಏನ್ ಸುಡಗಾಡು. ಕಣದಾಗ ಹೆಣ್ಮಕ್ಕಳ ಕಾಲು ಸುಡ್ತಿದ್ದುವು. ನಾಕು ರೊಟ್ಟಿ ಕಡಿಮಿ ಬಡದ್ರ ಅಷ್ಟು ಲಗೂ ಬರ್ತಿದ್ನಿ. ಅವರು ಅಷ್ಟು ಲಗೂ ನೆರಳಿಗೆ ಹೋಗ್ತಿದ್ರು.’

ಆಕಿ ಇನ್ನೂ ಮುಗಿಸಿರಲಿಲ್ಲ.

‘ನಿಮ್ಮ ಜೋಡಿ ಜಗಳಾದ ದಿನ ಹೊಸ್ತಿಲದ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೊಂಡು, ಪೂರಾ ಅಗದು, ಆಮ್ಯಾಲ ಹೊರಡ್ತಿದ್ನಿ. ಉಪಾಸ ಕುಂದರ್ಲಿ ಅಂತ.’

‘ನನ್ನ ಜೋಡಿ ಊರೆಲ್ಲಾ ಉಪಾಸ ಕುಂತಿತಲ್ಲಲೇ!’

‘ಊರಿಗೆ ಯಾರು ಹೇಳಿದ್ರು ನಿಮ್ಮನ್ನ ನಂಬಾಕ?’

ಇಬ್ಬರೂ ನಕ್ಕೆವು. ಅದೇ ಕಡೆಯದು. ಎಂಟು ದಿನಕ್ಕೆ ಹೋದಳು.

ಹೊಸ ಭತ್ತ ಬಂತು. ಮಿಲ್ಲು ತೆರೆಯಿತು. ನಾನು ಹೋಗುವುದರೊಳಗೆ ಮಿಸ್ತ್ರಿ ಬಂದು ಟೈಮರು ಒರೆಸಿ, ಮೊಳೆಯನ್ನು ಒಂದಕ್ಕೆ ಹಾಕಿ, ತಂತಿ ಬಿಗಿದಿದ್ದ. ನಾನು ಮುಟ್ಟಲಿಲ್ಲ. ಇನ್ನು ಯಾರಿಗಾಗಿ ಸರಿಸಲಿ?

ಒಂದಕ್ಕೆ ಭೋಂಗಾ ಕೂಗಿತು. ನನ್ನ ಕುತ್ತಿಗೆ ತಾನೇ ಗೇಟಿನ ಕಡೆ ಹೋಯಿತು. ತಿರುಗಿ ನೋಡಿದರೆ ಕಣದಲ್ಲಿ ಒಬ್ಬರೂ ಎದ್ದಿಲ್ಲ. ಅಷ್ಟೂ ಹೆಣ್ಣುಮಕ್ಕಳು ಭತ್ತದಲ್ಲಿ ಕುಂತಲ್ಲೇ ಗೇಟಿನ ಕಡೆ ನೋಡುತ್ತಿದ್ದರು.

ಸಾಹುಕಾರರು ಹೊರಗೆ ಬಂದರು. ‘ಭೋಂಗಾ ಆತಲ್ರವಾ. ಉಣ್ಣಾಕ ಹೋಗ್ರಿ.’

ಯಾರೂ ಅಲ್ಲಾಡಲಿಲ್ಲ. ಕಣದಲ್ಲಿ ಎಲ್ಲರಿಗಿಂತ ಹಿರಿಯ ಮುದುಕಿ ಹೇಳಿದಳು:

‘ನಾವು ಭೋಂಗಾಕ್ಕ ಎಂದ ಎದ್ದೀವ್ರೀ ಸಾಹುಕಾರ್ರ? ಆಕಿ ತಲಿ ಕಂಡಾಗ ಏಳ್ತಿದ್ವಿ. ಈಗ ಏಳಾಕ ಕಾಲು ಬರವಲ್ಲವು.’

ಅಂದರೆ ಅವರಿಗೂ ಗೊತ್ತಿತ್ತು. ಮಸ್ಕಿಯವರು ಬಂದ ದಿನ ನಕ್ಕಿದ್ದು ಅದಕ್ಕೇ. ಅವರಿಗೆ ಗೊತ್ತಿದೆ ಅಂತ ಗೊತ್ತಿಲ್ಲದವನು ನಾನೊಬ್ಬನೇ.

ಸಾಹುಕಾರರಿಗೆ ತಿಳಿಯಲಿಲ್ಲ. ಮತ್ತೆ ಟೈಮರೇ ಕೆಟ್ಟಿತು ಅಂದುಕೊಂಡು ಮಿಸ್ತ್ರಿಯನ್ನು ಕೂಗಿದರು. ಅವನು ಇನ್ನೂ ಬಸ್ಸಿಗೆ ಹೋಗಿರಲಿಲ್ಲ. ಸ್ಟೂಲು ಹತ್ತಿ ಮೊಳೆ ನೋಡಿದ. ತಂತಿ ನೋಡಿದ. ತನ್ನ ವಾಚು ನೋಡಿದ. ಸ್ಟೂಲಿನ ಮೇಲಿಂದಲೇ ಕಣ ನೋಡಿದ, ಗೇಟು ನೋಡಿದ, ನನ್ನನ್ನು ನೋಡಿದ. ಬಹಳ ಹೊತ್ತು ನೋಡಿದ. ಆ ಮೂರು ಸಲದ ಬಸ್ಸು ಅವನಿಗೆ ನೆನಪಾಗಿರಬೇಕು. ಫ್ಯಾನು ಬಂದ್ ಮಾಡಿದ.

‘ಟೈಮರ್ ಬಿಲ್ಕುಲ್ ಸರಿ ಐತ್ರಿ ಸಾಹುಕಾರ್ರ’ ಅಂದ. ‘ಮಂದಿ ಕೆಟ್ಟಾರ. ಇವರ ರಿಪೇರಿ ನನಗ ಬರೂದಿಲ್ಲ.’

ಮುದುಕಿ ಮೊದಲು ನಕ್ಕಳು. ಆಮೇಲೆ ಕಣವೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿತು. ಕಣ್ಣು ಒರೆಸಿಕೊಂಡದ್ದೂ ಅದೇ ಸೆರಗಿನಿಂದ. ನಾನೂ ನಕ್ಕೆ. ಆಕಿ ಹೋದ ಮೇಲೆ ಅದೇ ಮೊದಲು.

ನಕ್ಕು ಮುಗಿದ ಮೇಲೆ, ‘ಏಳ್ರಿ, ಉಣ್ಣೋಣ’ ಅಂದೆ. ಎಲ್ಲರೂ ಎದ್ದರು.

ಮಿಸ್ತ್ರಿಯ ಕೈ ಹಿಡಿದು ವಾಚು ನೋಡಿದೆ. ಒಂದೂ ಇಪ್ಪತ್ತು.

ನಮ್ಮಾಕಿ ಅವತ್ತೂ ತಡ ಮಾಡಿರಲಿಲ್ಲ.